ಅಜ್ಜನ ಬಣ್ಣಗುರುಡು ನನಗೆ ಬಂತು, ತಮ್ಮನಿಗೆ ಬರಲಿಲ್ಲ. ನನ್ನ ಮಕ್ಕಳಿಗೆ ಏನು ಹೋಗುತ್ತದೆ?

ಮಸುಕುಹಸಿರು ಕೇಳಿದ್ದು:

ನನಗೆ ಕೆಂಪು-ಹಸಿರು ಬಣ್ಣಗುರುಡು ಇದೆ. ಎಲ್ಲವೂ ಕಪ್ಪು-ಬಿಳುಪಾಗಿ ಕಾಣುತ್ತದೆ ಅಂತಲ್ಲ. ದಯವಿಟ್ಟು ಯಾರೂ "ಹಾಗಾದರೆ ಇದು ಯಾವ ಬಣ್ಣ ಹೇಳು ನೋಡೋಣ" ಅಂತ ಶುರು ಮಾಡಬೇಡಿ, ಕೇಳಿ ಕೇಳಿ ಸಾಕಾಗಿದೆ. ಕಂದು ಮತ್ತು ಕಡು ಹಸಿರು ನನಗೆ ಒಂದೇ. ಚಾರ್ಜರ್‌ನ ಪುಟ್ಟ ದೀಪ ಕೆಂಪಿದೆಯೋ ಹಸಿರಾಯಿತೋ ತಿಳಿಯುವುದಿಲ್ಲ. ಚುಕ್ಕೆಗಳ ಮಧ್ಯೆ ಅಂಕಿ ಅಡಗಿಸಿರುವ ಇಶಿಹಾರ ಪುಸ್ತಕ ಇದೆಯಲ್ಲ, ಅದರಲ್ಲಿ ಎಲ್ಲರಿಗೂ ಕಾಣುವ ಮೊದಲ ಪುಟದ 12 ಬಿಟ್ಟರೆ ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಬರೀ ಚುಕ್ಕೆ.

ಅಮ್ಮನ ಅಪ್ಪನಿಗೂ ಇದೇ ಇತ್ತು. ಅಮ್ಮನಿಗೆ ಬಣ್ಣ ಚೆನ್ನಾಗಿಯೇ ಗೊತ್ತಾಗುತ್ತದೆ. ಅಪ್ಪನಿಗೂ ಏನೂ ತೊಂದರೆ ಇಲ್ಲ. ತಮ್ಮ, ತಂಗಿ ಇಬ್ಬರಿಗೂ ಇಲ್ಲ. ನನಗೊಬ್ಬನಿಗೇ ಯಾಕೆ?

ಈಗ ನನಗೂ ಒಬ್ಬ ಮಗ, ಒಬ್ಬಳು ಮಗಳು. ಇಬ್ಬರೂ ಚಿಕ್ಕವರು. ಮನೆಯಲ್ಲಿ ಎಲ್ಲರ ಕಣ್ಣೂ ಮಗನ ಮೇಲೆ, "ಅಪ್ಪನದು ಮಗನಿಗೆ ಬಂದೇ ಬರುತ್ತದೆ" ಅಂತ. ಇನ್ನೊಬ್ಬರು ಬಂದು ಕೂದಲು ಉದುರುವುದು ತಾಯಿಯ ಅಪ್ಪನಿಂದ, ಬುದ್ಧಿ ತಾಯಿಯಿಂದ, ಎಲ್ಲ ಎಕ್ಸ್ ಕ್ರೋಮೋಸೋಮ್ ಮಹಿಮೆ ಅಂತ ಹೇಳಿ ಹೋದರು. ಇದರಲ್ಲಿ ನಿಜ ಎಷ್ಟು, ಗಾಳಿಮಾತು ಎಷ್ಟು? ತಿಳಿದವರು ಬಿಡಿಸಿ ಹೇಳಿ.

ಲೆಕ್ಕದಮೇಷ್ಟ್ರು:

ನಿಮ್ಮ ಮನೆಯವರು ತಪ್ಪು ಮಗುವಿನ ಮೇಲೆ ಕಣ್ಣಿಟ್ಟಿದ್ದಾರೆ. ಮಗನಿಗೆ ಇದು ನಿಮ್ಮಿಂದ ಹೋಗುವ ದಾರಿಯೇ ಇಲ್ಲ. ಮಗಳಿಗೆ ಹೋಗಿದೆ, ಅದರಲ್ಲಿ ಅನುಮಾನ ಬೇಡ. ಆದರೆ ಅವಳ ಕಣ್ಣಿಗೆ ಅದು ಬಹುಶಃ ತೊಂದರೆ ಕೊಡುವುದಿಲ್ಲ.

ನಮ್ಮಲ್ಲಿ 23 ಜೊತೆ ಕ್ರೋಮೋಸೋಮ್‌ಗಳಿವೆ. 22 ಜೊತೆ ಗಂಡಿಗೂ ಹೆಣ್ಣಿಗೂ ಒಂದೇ ಥರ. ಅವುಗಳ ವಿಷಯದಲ್ಲಿ ಅಪ್ಪ ಕೊಟ್ಟದ್ದು, ಅಮ್ಮ ಕೊಟ್ಟದ್ದು ಸಮ. ತಕರಾರು ಇರುವುದು 23ನೇ ಜೊತೆಯಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ವೀರ್ಯಾಣುಗಳಲ್ಲಿ ಅರ್ಧದಷ್ಟರಲ್ಲಿ ಎಕ್ಸ್, ಅರ್ಧದಷ್ಟರಲ್ಲಿ ವೈ. ಮಗ ಹುಟ್ಟಿದ್ದಾನೆ ಅಂದರೆ ನೀವು ಅವನಿಗೆ ಕೊಟ್ಟದ್ದು ವೈ, ನಿಮ್ಮ ಎಕ್ಸ್ ಅವನ ಹತ್ತಿರ ಸುಳಿದೂ ಇಲ್ಲ. ಮಗಳಿಗೆ ಕೊಟ್ಟದ್ದು ನಿಮ್ಮ ಹತ್ತಿರ ಇದ್ದ ಒಂದೇ ಒಂದು ಎಕ್ಸ್, ಅಂದರೆ ಬಣ್ಣದ ಜೀನ್ ಕೆಟ್ಟಿರುವ ಅದೇ ಎಕ್ಸ್. ಇನ್ನೊಂದು ಎಕ್ಸ್ ಅವಳಿಗೆ ತಾಯಿಯಿಂದ ಬಂದಿರುವುದರಿಂದ ಕೆಲಸ ನಡೆಯುತ್ತದೆ. ಅವಳು ಕ್ಯಾರಿಯರ್, ಅಂದರೆ ಕೆಟ್ಟ ಜೀನ್ ಒಂದು ಎಕ್ಸ್‌ನಲ್ಲಿ ಮಾತ್ರ ಹೊತ್ತವಳು. ನಿಮ್ಮ ಅಮ್ಮನೂ ಇದೇ ಕಾರಣಕ್ಕೆ ಕ್ಯಾರಿಯರ್.

ತಮ್ಮನ ಪ್ರಶ್ನೆ ಇದರಲ್ಲೇ ಬಗೆಹರಿಯುತ್ತದೆ. ಅಮ್ಮನ ಹತ್ತಿರ ಎರಡು ಎಕ್ಸ್ ಇದ್ದವು, ಒಂದು ಅಜ್ಜನದು, ಒಂದು ಅಜ್ಜಿಯದು. ಬಣ್ಣದ ಜೀನ್ ಇರುವ ತುದಿ ಯಾರದ್ದು ಅನ್ನುವುದು ಪ್ರತಿ ಮಗುವಿಗೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ನಿಮಗೆ ಅಜ್ಜನದು ಬಿತ್ತು, ತಮ್ಮನಿಗೆ ಅಜ್ಜಿಯದು. ಇಷ್ಟೇ.

ಈಗ ಆ ತುದಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟದ ಭಾಗ ಅದು. ಕೆಂಪು ಬೆಳಕು ಹಿಡಿಯುವ ಪ್ರೋಟೀನ್‌ನ ಜೀನ್ ಮತ್ತು ಹಸಿರು ಹಿಡಿಯುವುದರ ಜೀನ್ ಎಕ್ಸ್‌ನ ಉದ್ದ ತೋಳಿನ ತುದಿಯಲ್ಲಿ ಅಕ್ಕಪಕ್ಕ ಕೂತಿವೆ. ಮೊದಲು ಕೆಂಪು, ಅದರ ಹಿಂದೆ ಒಂದೋ ಎರಡೋ ಅಥವಾ ಇನ್ನೂ ಜಾಸ್ತಿ ಹಸಿರು. ಎರಡರ ಬರಹವೂ ಹೆಚ್ಚುಕಡಿಮೆ ಒಂದೇ. ಹೆಣ್ಣಿನಲ್ಲಿ ಅಂಡಾಣು ತಯಾರಾಗುವಾಗ ಎರಡು ಎಕ್ಸ್‌ಗಳು ಪಕ್ಕಪಕ್ಕ ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ಒಂದು ಎಕ್ಸ್‌ನ ಕೆಂಪು ಜೀನ್ ಇನ್ನೊಂದರ ಹಸಿರು ಜೀನ್ ಎದುರಿಗೆ ನಿಂತುಬಿಟ್ಟರೆ, ಕತ್ತರಿಸಿ ಅಂಟಿಸುವಾಗ ಒಂದು ಕಡೆ ಹಸಿರು ಪೂರ್ತಿ ಕಳೆದುಹೋಗುತ್ತದೆ, ಇಲ್ಲವೇ ಅರ್ಧ ಕೆಂಪು ಅರ್ಧ ಹಸಿರಿನ ಬೆರಕೆ ಜೀನ್ ಹುಟ್ಟುತ್ತದೆ. ಕೆಂಪು-ಹಸಿರು ಗೊಂದಲ ಇಷ್ಟು ಸಾಮಾನ್ಯ ಆಗಿರುವುದು ಇದಕ್ಕೇ. ನೀಲಿಯ ಜೀನ್ 7ನೇ ಕ್ರೋಮೋಸೋಮ್‌ನಲ್ಲಿದೆ, ಅದರ ತೊಂದರೆ ತುಂಬಾ ಅಪರೂಪ. ಗಂಡು ಹೆಣ್ಣು ಅನ್ನುವ ಭೇದವೂ ಅದಕ್ಕಿಲ್ಲ.

ಯುರೋಪ್ ಮೂಲದ ಗಂಡಸರಲ್ಲಿ ಕೆಂಪು-ಹಸಿರು ತೊಂದರೆ ಸುಮಾರು 8%, ಹೆಂಗಸರಲ್ಲಿ ಸುಮಾರು 0.5%. ಎರಡು ಎಕ್ಸ್‌ನಲ್ಲೂ ಕೆಟ್ಟದ್ದೇ ಬೀಳಬೇಕು ಅಂದರೆ 8%ರ 8%, ಅಂದರೆ 0.64% ಬರಬೇಕಿತ್ತು, ಅಲ್ವಾ? ಅದಕ್ಕಿಂತ ಕಡಿಮೆ ಯಾಕೆ? ಒಂದು ಎಕ್ಸ್‌ನಲ್ಲಿ ಕೆಂಪು ಕೆಟ್ಟು ಇನ್ನೊಂದರಲ್ಲಿ ಹಸಿರು ಕೆಟ್ಟಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಆ ಹೆಂಗಸರಿಗೆ ಬಣ್ಣ ಸರಿಯಾಗಿಯೇ ಕಾಣುತ್ತದೆ.

ಒಂದು ಎಚ್ಚರಿಕೆ. ಮಗನಿಗೆ ನಿಮ್ಮಿಂದ ಬರುವುದಿಲ್ಲ ಅಂದೆ, ಬರುವುದೇ ಇಲ್ಲ ಅನ್ನಲಿಲ್ಲ. ನಿಮ್ಮ ಹೆಂಡತಿಯೂ ಕ್ಯಾರಿಯರ್ ಆಗಿದ್ದರೆ ಅವರ ಕಡೆಯಿಂದ ಬರಬಹುದು. ಆಗ ಮಗಳಿಗೂ ಎರಡೂ ಕಡೆಯಿಂದ ಬಿದ್ದು ಕಾಣಿಸಿಕೊಳ್ಳಬಹುದು. ಹೆಂಡತಿಯ ಅಪ್ಪ, ಅಣ್ಣತಮ್ಮಂದಿರು, ಸೋದರಮಾವಂದಿರಿಗೆ ಬಣ್ಣ ಹೇಗೆ ಕಾಣುತ್ತದೆ ಅಂತ ಒಮ್ಮೆ ವಿಚಾರಿಸಿ.

ರಾತ್ರಿಪಾಳಿ:

ಮೇಷ್ಟ್ರೇ, "ಕ್ಯಾರಿಯರ್, ಕೆಲಸ ನಡೆಯುತ್ತದೆ" ಅನ್ನುವ ಮಾತು ಬಣ್ಣಕ್ಕೆ ಸರಿ. ಎಲ್ಲದಕ್ಕೂ ಅದನ್ನೇ ಹೇಳಬೇಡಿ. ನಾನು ಹಿಮೋಫೀಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದರ ಜೀನ್ ಕೂಡ ಎಕ್ಸ್‌ನಲ್ಲೇ) ಕ್ಯಾರಿಯರ್. ಅಪ್ಪನಿಗೆ ಇತ್ತು, ಆದ್ದರಿಂದ ನಾನು ಕ್ಯಾರಿಯರ್ ಅನ್ನುವುದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ಹಲ್ಲು ಕೀಳಿಸುವ ಮುಂಚೆ ಇದನ್ನು ಹೇಳಿದೆ. "ಹೆಣ್ಣುಮಕ್ಕಳಿಗೆ ಏನೂ ಆಗಲ್ಲ, ನೀವು ಬರೀ ಕ್ಯಾರಿಯರ್" ಅಂದರು. ರಾತ್ರಿಯಿಡೀ ಬಾಯಿತುಂಬಾ ರಕ್ತ. ಬೆಳಗ್ಗೆ ಹತ್ತಿ ತೆಗೆದರೆ ಮತ್ತೆ ಶುರು. ಆಮೇಲೆ ಅಳೆಸಿದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಫ್ಯಾಕ್ಟರ್ 8ರ ಮಟ್ಟ 35% ಇತ್ತು. 50%ಕ್ಕಿಂತ ಮೇಲಿರಬೇಕಾದ್ದು ಅದು. 40%ಕ್ಕಿಂತ ಕೆಳಗಿದ್ದರೆ ಗಂಡಸಾದರೂ ಹೆಂಗಸಾದರೂ ಸೌಮ್ಯ ಹಿಮೋಫೀಲಿಯಾ ಅಂತಲೇ ಲೆಕ್ಕ.

ಹೀಗಾಗಲು ಕಾರಣ ಇದೆ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್ ಇದ್ದರೂ ಕೆಲಸ ಮಾಡುವುದು ಒಂದೇ. ಇನ್ನೊಂದು ಮುದುಡಿಕೊಂಡು ಮೂಲೆ ಸೇರುತ್ತದೆ. ಆ ಮುದ್ದೆಯನ್ನು 1949ರಲ್ಲೇ ಮರ್ರೆ ಬಾರ್ ಮತ್ತು ಬರ್ಟ್ರಾಂ ಬೆಕ್ಕಿನ ನರಕೋಶದಲ್ಲಿ ನೋಡಿದ್ದರು, ಅದು ಏನು ಅನ್ನುವುದು ಆಗ ಗೊತ್ತಿರಲಿಲ್ಲ. ಎರಡು ಎಕ್ಸ್‌ನಲ್ಲಿ ಒಂದು ಮುಚ್ಚಿಹೋಗುತ್ತದೆ ಅನ್ನುವ ವಿಚಾರವನ್ನು 1961ರಲ್ಲಿ ಮೇರಿ ಲಯನ್ ಮುಂದಿಟ್ಟರು. ಭ್ರೂಣ ಇನ್ನೂ ಪುಟ್ಟದಾಗಿರುವಾಗಲೇ ಒಂದೊಂದು ಕೋಶವೂ ಅಪ್ಪನ ಎಕ್ಸ್ ಮುಚ್ಚಬೇಕೋ ಅಮ್ಮನದು ಮುಚ್ಚಬೇಕೋ ಅಂತ ತನ್ನ ಪಾಡಿಗೆ ತಾನು ನಿರ್ಧರಿಸಿಬಿಡುತ್ತದೆ. ಆಮೇಲೆ ಆ ಕೋಶದಿಂದ ಹುಟ್ಟಿದ ಎಲ್ಲ ಕೋಶಗಳೂ ಅದನ್ನೇ ಪಾಲಿಸುತ್ತವೆ. ಕಪ್ಪು-ಕಿತ್ತಳೆ ಮಚ್ಚೆಯ ಬೆಕ್ಕುಗಳು ಬಹುತೇಕ ಹೆಣ್ಣೇ ಆಗಿರುವುದು ಇದರಿಂದ. ಕಿತ್ತಳೆ ಬಣ್ಣದ ಜೀನ್ ಎಕ್ಸ್‌ನಲ್ಲಿದೆ, ಮೈಮೇಲಿನ ಒಂದು ಮಚ್ಚೆಯಲ್ಲಿ ಒಂದು ಎಕ್ಸ್, ಪಕ್ಕದ ಮಚ್ಚೆಯಲ್ಲಿ ಇನ್ನೊಂದು. ಅಂಥ ಗಂಡು ಬೆಕ್ಕು ಸಿಕ್ಕರೆ ಅದಕ್ಕೆ ಸಾಮಾನ್ಯವಾಗಿ ಎರಡು ಎಕ್ಸ್ ಒಂದು ವೈ ಇರುತ್ತದೆ.

ಫ್ಯಾಕ್ಟರ್ 8 ಹೆಚ್ಚಾಗಿ ತಯಾರಾಗುವುದು ಪಿತ್ತಜನಕಾಂಗದಲ್ಲಿ, ನನ್ನದರಲ್ಲಿ ಕೆಟ್ಟ ಎಕ್ಸ್ ತೆರೆದುಕೊಂಡಿರುವ ಕೋಶಗಳು ಸ್ವಲ್ಪ ಜಾಸ್ತಿ ಇದ್ದಿರಬೇಕು. ಅದು ಯಾರ ಕೈಯಲ್ಲೂ ಇಲ್ಲ. ತದ್ರೂಪಿ ಅವಳಿ ಹುಡುಗಿಯರಲ್ಲಿ ಒಬ್ಬಳಿಗೆ ಬಣ್ಣಗುರುಡು ಇದ್ದು ಇನ್ನೊಬ್ಬಳಿಗೆ ಇಲ್ಲದ ಪ್ರಕರಣಗಳೂ ದಾಖಲಾಗಿವೆ. ಜೀನ್ ಅದೇ, ಮುಚ್ಚಿದ ಎಕ್ಸ್ ಬೇರೆ.

ಆದ್ದರಿಂದ ಹಿಮೋಫೀಲಿಯಾ ಇರುವ ಮನೆಯ ಹೆಣ್ಣುಮಕ್ಕಳು ಆಪರೇಷನ್, ಹೆರಿಗೆ, ಹಲ್ಲು ಯಾವುದೇ ಇರಲಿ, ಮೊದಲು ಫ್ಯಾಕ್ಟರ್ ಮಟ್ಟ ಅಳೆಸಿಕೊಳ್ಳಿ. "ಬರೀ" ಕ್ಯಾರಿಯರ್ ಅನ್ನುವವರ ಮಾತು ಕೇಳಬೇಡಿ.

ಹಳೇಬೇರು:

ಹಿಮೋಫೀಲಿಯಾ ಮಾತು ಬಂತಲ್ಲ, ವಿಕ್ಟೋರಿಯಾ ರಾಣಿಯ ಮನೆ ನೋಡಿದರೆ ಮೇಷ್ಟ್ರು ಹೇಳಿದ್ದು ಕಣ್ಣಿಗೆ ಕಟ್ಟುತ್ತದೆ. ರಾಣಿಯ ಮಗ ಲಿಯೋಪೋಲ್ಡ್‌ಗೆ ಹಿಮೋಫೀಲಿಯಾ ಇತ್ತು, 1884ರಲ್ಲಿ ಬಿದ್ದು ಪೆಟ್ಟಾಗಿ ತೀರಿಕೊಂಡ. ಅವನಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳು ಆಲಿಸ್ ಕ್ಯಾರಿಯರ್, ಅವಳ ಮಗ ರೂಪರ್ಟ್‌ಗೆ ರೋಗ ಬಂತು. ಲಿಯೋಪೋಲ್ಡ್‌ನ ಮಗನಿಗೆ ಏನೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ, ಅಪ್ಪನಿಂದ ಅವನಿಗೆ ಬಂದದ್ದು ವೈ. ರಾಣಿಯ ಹಿರಿಮಗ 7ನೇ ಎಡ್ವರ್ಡ್‌ಗೆ ಒಳ್ಳೆಯ ಎಕ್ಸ್ ಬಿದ್ದಿತ್ತು, ಅವನ ಸಂತತಿಗೆ ಆ ದಾರಿಯಿಂದ ರೋಗ ಇಳಿಯಲೇ ಇಲ್ಲ. ಹೆಣ್ಣುಮಕ್ಕಳ ದಾರಿಯಲ್ಲಿ ಅದು ರಷ್ಯಾಕ್ಕೂ ಸ್ಪೇನ್‌ಗೂ ಹೋಯಿತು. ರಷ್ಯಾದ ರಾಜಕುಮಾರ ಅಲೆಕ್ಸಿಯ ಮೂಳೆಗಳ ಡಿಎನ್‌ಎ ನೋಡಿ ಅದು ಹಿಮೋಫೀಲಿಯಾ ಬಿ (ಫ್ಯಾಕ್ಟರ್ 8ರ ಬದಲು 9 ಕಡಿಮೆ ಇರುವುದು) ಅಂತ 2009ರಲ್ಲಿ ಖಚಿತವಾಯಿತು. ರಾಣಿಯ ಅಪ್ಪನಿಗೆ ಈ ರೋಗ ಇರಲಿಲ್ಲ, ಅಂದರೆ ಬಹುಶಃ ಅವಳಲ್ಲಿ ಅಥವಾ ಅವಳ ಹಿಂದಿನ ತಲೆಮಾರಿನಲ್ಲಿ ಜೀನ್ ಹೊಸದಾಗಿ ಕೆಟ್ಟಿರಬೇಕು. ಇದೂ ಅಪರೂಪವಲ್ಲ. ಹಿಮೋಫೀಲಿಯಾ ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮನೆತನದಲ್ಲಿ ಹಿಂದೆ ಇತ್ತು ಅನ್ನುವ ಸುಳಿವೇ ಇರುವುದಿಲ್ಲ.

ನನಗೆ ವಂಶಾವಳಿ ಹುಚ್ಚು, ಹಾಗಾಗಿ ಇನ್ನೊಂದು ವಿಷಯ. ಅಮ್ಮನ ಎಕ್ಸ್ ಪ್ರತಿ ಸಲ ಕಲಸಿಕೊಂಡು ಬರುತ್ತದೆ. ಅಪ್ಪನ ಎಕ್ಸ್‌ಗೆ ಕಲಸಿಕೊಳ್ಳಲು ಜೊತೆ ಇಲ್ಲ. ವೈ ಜೊತೆ ಎರಡು ತುದಿಗಳಲ್ಲಿ ಚೂರು ಅದಲುಬದಲು ಆಗುತ್ತದೆ, ಅಷ್ಟೇ. ಹಾಗಾಗಿ ಅಪ್ಪ ತನ್ನ ತಾಯಿಯಿಂದ ಪಡೆದ ಎಕ್ಸ್ ಹೆಚ್ಚುಕಡಿಮೆ ಇಡಿಯಾಗಿ ಮಗಳಿಗೆ ಹೋಗುತ್ತದೆ. ಒಬ್ಬನೇ ಅಪ್ಪನ ಹೆಣ್ಣುಮಕ್ಕಳು ಎಷ್ಟು ಜನ ಇದ್ದರೂ, ತಾಯಂದಿರು ಬೇರೆಬೇರೆ ಆಗಿದ್ದರೂ, ಆ ಒಂದು ಎಕ್ಸ್ ಎಲ್ಲರಲ್ಲೂ ಒಂದೇ. ಅಪ್ಪನ ಅಮ್ಮನಿಗೂ ಮೊಮ್ಮಗಳಿಗೂ ಇಷ್ಟು ಗಟ್ಟಿ ನಂಟಿದ್ದರೆ ಅದೇ ಅಜ್ಜಿಯ ಎಕ್ಸ್ ಮೊಮ್ಮಗನಿಗೆ ಸೊನ್ನೆ. ಬೇರೆ 22 ಕ್ರೋಮೋಸೋಮ್‌ಗಳಿಂದ ಅವನಿಗೂ ಪಾಲು ಸಿಗುತ್ತದೆ ಅನ್ನಿ.

ಒಬ್ಬ ಗಂಡಸಿನ ಎಕ್ಸ್ ಯಾರಿಂದೆಲ್ಲ ಬಂದಿರಬಹುದು ಅಂತ ಹಿಂದಕ್ಕೆ ಎಣಿಸಿ ನೋಡಿ. ಹಿಂದಿನ ತಲೆಮಾರಿನಲ್ಲಿ 1 (ಅಮ್ಮ), ಅದರ ಹಿಂದೆ 2, ಆಮೇಲೆ 3, 5, 8, 13. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಫಿಬೊನಾಚಿ ಸರಣಿ! ಗಂಡು ಬಂದ ಕಡೆಯೆಲ್ಲ ಅವನ ಅಪ್ಪನ ದಾರಿ ಮುಚ್ಚುತ್ತದೆ, ಅದಕ್ಕೆ ಹೀಗೆ. ಕಾಗದದ ಮೇಲೆ ಬರೆದರೆ ಐದು ನಿಮಿಷದ ಕೆಲಸ, ನೋಡಿದರೆ ಖುಷಿಯಾಗುತ್ತದೆ.

ಬೂದಿಬೆಕ್ಕು:

ಕೂದಲು, ಬುದ್ಧಿ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕುತ್ತೇನೆ.

ಕೂದಲಿನ ಮಾತು ಅರ್ಧ ನಿಜ. ಗಂಡು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಎಕ್ಸ್‌ನಲ್ಲಿದೆ, ಬೊಕ್ಕತಲೆಗೆ ಅದರ ಕೈವಾಡ ದೊಡ್ಡದು. ಆದರೆ ಅದೊಂದೇ ಅಲ್ಲ. ಬೊಕ್ಕತಲೆಗೆ ಸಂಬಂಧಪಟ್ಟ ಜಾಗಗಳು ಡಿಎನ್‌ಎಯಲ್ಲಿ ನೂರಾರು ಸಿಕ್ಕಿವೆ, ಹೆಚ್ಚಿನವು ಎಕ್ಸ್‌ನಲ್ಲಿಲ್ಲ, ಅಪ್ಪನಿಂದಲೂ ಬರುತ್ತವೆ. ಇನ್ನೂ ಒಂದು ಮಾತು. ಎಕ್ಸ್‌ನ ಪಾಲಿಗೂ ತಾಯಿಯ ಅಪ್ಪನನ್ನೇ ಯಾಕೆ ಹಿಡಿಯಬೇಕು? ತಾಯಿಯ ಅಮ್ಮನ ಎಕ್ಸ್ ಬಂದಿರುವ ಸಾಧ್ಯತೆಯೂ ಅಷ್ಟೇ ಇದೆ. ಅಜ್ಜಿಯ ತಲೆಯಲ್ಲಿ ಅದು ಕಾಣಲಿಲ್ಲ, ಅದಕ್ಕೆ ಅಜ್ಜನ ಮೇಲೆ ಆರೋಪ. ತಾಯಿಯ ಅಪ್ಪನಿಗೆ 80ರಲ್ಲೂ ತಲೆತುಂಬಾ ಕೂದಲಿತ್ತು ಅಂತ ನೆಮ್ಮದಿಯಾಗಿರುವ ಹುಡುಗರು ತಮ್ಮ ಅಪ್ಪನ ತಲೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಬುದ್ಧಿ ತಾಯಿಯಿಂದ ಅನ್ನುವುದು ಸುಮ್ನೆ ಫಾರ್ವರ್ಡ್ ಮಾತು. ಎಕ್ಸ್‌ನಲ್ಲಿ ಮೆದುಳಿಗೆ ಬೇಕಾದ ಜೀನ್‌ಗಳು ಬಹಳ ಇವೆ, ಅವುಗಳಲ್ಲಿ ಒಂದು ಕೆಟ್ಟರೆ ಗಂಡುಮಕ್ಕಳಿಗೆ ಬೌದ್ಧಿಕ ತೊಂದರೆ ಬರಬಹುದು, ಅಷ್ಟು ನಿಜ. ಅಲ್ಲಿಂದ "ಮಾರ್ಕ್ಸ್ ಎಲ್ಲ ಅಮ್ಮನದು" ಅಂತ ಹಾರುವುದು ಹೇಗೆ? ಬುದ್ಧಿಗೆ ಸಾವಿರಾರು ಜೀನ್‌ಗಳು ಚೂರುಚೂರು ಕೈ ಹಾಕುತ್ತವೆ, ಅವು ಎಲ್ಲ ಕ್ರೋಮೋಸೋಮ್‌ಗಳಲ್ಲೂ ಹಂಚಿಹೋಗಿವೆ. ಬೆಳೆಯುವ ವಾತಾವರಣ ಬೇರೆ ಇದೆ. ಮಗಳಿಗೆ ಅಪ್ಪನ ಎಕ್ಸ್ ಕೂಡ ಇದೆ ಅನ್ನುವುದನ್ನು ಈ ಮಾತು ಆಡುವವರು ಮರೆಯುತ್ತಾರೆ.

ಒಟ್ಟು ತೂಕ ಹಾಕಿದರೆ ಮಗನಿಗೆ ತಾಯಿಯ ಡಿಎನ್‌ಎ ಸ್ವಲ್ಪ ಜಾಸ್ತಿ ಅನ್ನುವುದು ಮಾತ್ರ ಲೆಕ್ಕಕ್ಕೆ ಸರಿ. ಎಕ್ಸ್‌ನ ಉದ್ದ ಸುಮಾರು 15.5 ಕೋಟಿ ಡಿಎನ್‌ಎ ಅಕ್ಷರ, ವೈ ಸುಮಾರು 6.2 ಕೋಟಿ. ವೈ ಪೂರ್ತಿ ಓದಿ ಮುಗಿಸಿದ್ದೇ 2023ರಲ್ಲಿ, ಅಷ್ಟು ಪುನರಾವರ್ತನೆ ಅದರಲ್ಲಿ. ಹಾಗಾಗಿ ಮಗನಲ್ಲಿ ತಾಯಿಯ ಪಾಲು ಶೇಕಡ 51ರ ಹತ್ತಿರ ಬರುತ್ತದೆ. ಇದರ ಮೇಲೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ 16,569 ಅಕ್ಷರ, ಅದು ಮಗನಿಗೂ ಮಗಳಿಗೂ ತಾಯಿಯಿಂದಲೇ. ಈ ಒಂದು ಶೇಕಡ ಇಟ್ಟುಕೊಂಡು ಮೂಗು ಯಾರದ್ದು, ಕೋಪ ಯಾರದ್ದು ಅಂತ ತೀರ್ಮಾನ ಮಾಡಲು ಆಗುವುದಿಲ್ಲ.

ವೈ ಬಗ್ಗೆಯೂ ಅಷ್ಟೇ. "ಗಂಡಸುತನ ಪೂರ್ತಿ ವೈನಲ್ಲಿದೆ" ಅಂತಾರೆ. ಅದರಲ್ಲಿ ಎಸ್‌ಆರ್‌ವೈ ಅನ್ನುವ ಒಂದು ಜೀನ್ ಇದೆ, 1990ರಲ್ಲಿ ಸಿಕ್ಕಿದ್ದು. ಭ್ರೂಣದಲ್ಲಿ ವೃಷಣ ಬೆಳೆಯಲಿ ಅಂತ ಚಾಲನೆ ಕೊಡುವುದು ಅದು. ವೀರ್ಯ ತಯಾರಿಗೆ ಬೇಕಾದ ಒಂದಷ್ಟು ಜೀನ್‌ಗಳೂ ವೈನಲ್ಲಿವೆ, ಅವು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತವೆ. ಆದರೆ ಗಂಡು ಹಾರ್ಮೋನಿಗೆ ಮೈ ಸ್ಪಂದಿಸಬೇಕಾದರೆ ಬೇಕಾಗುವ ಗ್ರಾಹಕ ಮೇಲೆ ಹೇಳಿದ ಹಾಗೆ ಎಕ್ಸ್‌ನಲ್ಲಿದೆ, ಅಂದರೆ ಪ್ರತಿ ಗಂಡಸಿಗೂ ಅದು ಅಮ್ಮ ಕೊಟ್ಟದ್ದು!

ಮಗು ಗಂಡೋ ಹೆಣ್ಣೋ ಅನ್ನುವುದು ವೀರ್ಯಾಣುವಿನ ಮೇಲೆ ನಿಂತಿದೆ ಅನ್ನುವುದಕ್ಕೆ ನೂರು ವರ್ಷ ದಾಟಿದೆ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನಲ್ಲಿ ಬೆಳೆಯುವ ಹುಳುವಿನ ಕೋಶಗಳನ್ನು ನೋಡಿದರು. ಹೆಣ್ಣಿನಲ್ಲಿ 20 ದೊಡ್ಡ ಕ್ರೋಮೋಸೋಮ್, ಗಂಡಿನಲ್ಲಿ 19 ದೊಡ್ಡದು ಒಂದು ಚಿಕ್ಕದು. ಆ ಚಿಕ್ಕದು ಇರುವ ವೀರ್ಯಾಣುವಿನಿಂದ ಗಂಡು ಹುಟ್ಟುತ್ತದೆ ಅಂತ ಬರೆದರು. ಎಡ್ಮಂಡ್ ವಿಲ್ಸನ್ ಅದೇ ವರ್ಷ ಬೇರೆ ಕೀಟಗಳಲ್ಲಿ ಇದೇ ಜಾಡು ಹಿಡಿದಿದ್ದರು. ಇಷ್ಟಾದ ಮೇಲೂ ಹೆಣ್ಣು ಹುಟ್ಟಿದರೆ ತಾಯಿಯನ್ನು ಬೈಯುವವರಿಗೆ ಏನು ಹೇಳುವುದು?

ಮಸುಕುಹಸಿರು:

ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಯ ಕಡೆ ವಿಚಾರಿಸಿದೆ, ಅವಳ ಅಪ್ಪ, ಅಣ್ಣ, ಸೋದರಮಾವ ಯಾರಿಗೂ ಇಲ್ಲವಂತೆ. ಮಗನ ಬಗ್ಗೆ ಮನೆಯವರಿಗೆ ಹೇಳಿದೆ, ಅರ್ಧ ನಂಬಿದ್ದಾರೆ.

ಇನ್ನೊಂದು ಪ್ರಶ್ನೆ. ತಂಗಿಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಬಣ್ಣ ಸರಿಯಾಗಿ ಗೊತ್ತಾಗುತ್ತದೆ. ಈಗ ಮತ್ತೆ ಬಸುರಿ. ಅವಳು ಕ್ಯಾರಿಯರ್ ಅಲ್ಲ ಅಂತ ತಿಳಿಯಬಹುದಾ? ಹಾಗೇ, ನನ್ನ ಮಗನನ್ನು ಒಮ್ಮೆ ಪರೀಕ್ಷೆ ಮಾಡಿಸೋಣ ಅಂದರೆ ಅವನಿಗಿನ್ನೂ ಅಂಕಿ ಬರುವುದಿಲ್ಲ.

ಲೆಕ್ಕದಮೇಷ್ಟ್ರು:

ತಿಳಿಯಲು ಆಗುವುದಿಲ್ಲ, ಆದರೆ ಸಾಧ್ಯತೆ ಇಳಿದಿದೆ. ಅಮ್ಮ ಖಚಿತವಾಗಿ ಕ್ಯಾರಿಯರ್, ಆದ್ದರಿಂದ ತಂಗಿ ಹುಟ್ಟಿದಾಗ ಅವಳೂ ಕ್ಯಾರಿಯರ್ ಆಗಿರುವ ಸಾಧ್ಯತೆ 1/2. ಈಗ ಅವಳಂಥ 80 ಹೆಂಗಸರನ್ನು ಊಹಿಸಿ. 40 ಜನ ಕ್ಯಾರಿಯರ್, 40 ಜನ ಅಲ್ಲ. ಎಲ್ಲರಿಗೂ ಇಬ್ಬಿಬ್ಬರು ಗಂಡುಮಕ್ಕಳು. ಕ್ಯಾರಿಯರ್ ಅಲ್ಲದ 40 ಜನರ ಮಕ್ಕಳೆಲ್ಲ ಸರಿಯಾಗಿರುತ್ತಾರೆ. ಕ್ಯಾರಿಯರ್ 40 ಜನರಲ್ಲಿ ಇಬ್ಬರೂ ಮಕ್ಕಳು ಪಾರಾಗುವುದು ಕಾಲುಭಾಗ, ಅಂದರೆ 10 ಮನೆಗಳಲ್ಲಿ. ಇಬ್ಬರು ಗಂಡುಮಕ್ಕಳೂ ಸರಿ ಇರುವ ಮನೆ ಒಟ್ಟು 50, ಅದರಲ್ಲಿ ಕ್ಯಾರಿಯರ್ 10. ನಿಮ್ಮ ತಂಗಿಯ ಸಾಧ್ಯತೆ ಈಗ 1/5. ಹುಟ್ಟುವುದು ಗಂಡಾದರೆ ಅವನಿಗೆ ಬರುವ ಸಾಧ್ಯತೆ 1/10. ಹೆಣ್ಣಾದರೆ ತೊಂದರೆ ಕಾಣಿಸುವುದಿಲ್ಲ, ತಂಗಿಯ ಗಂಡನಿಗೂ ಬಣ್ಣಗುರುಡು ಇಲ್ಲದಿದ್ದರೆ.

ಮಗನಿಗೆ ಅಂಕಿ ಬರಬೇಕಿಲ್ಲ. ಅದೇ ಇಶಿಹಾರ ಪುಸ್ತಕದ ಕೊನೆಯ ಪುಟಗಳಲ್ಲಿ ಅಂಕಿಯ ಬದಲು ಸೊಟ್ಟ ಗೆರೆಗಳಿರುತ್ತವೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಮಗು ಅದರ ಮೇಲೆ ಎಳೆದುಕೊಂಡು ಹೋದರೆ ಸಾಕು. ಪಕ್ಕದಲ್ಲಿ ನೀವು ಕೂರಬೇಡಿ, ಗೆರೆ ಎಲ್ಲಿದೆ ಅಂತ ನಿಮಗೂ ಕಾಣುವುದಿಲ್ಲ. ಹೆಂಡತಿಯನ್ನು ಕೂರಿಸಿ.